ಹಗೇವಿಗೆ ಇಳಿಸಿದ ಕಂದೀಲು

ಗದಗ, ಮಂಗಳವಾರ ರಾತ್ರಿ

ಪ್ರೀತಿಯ ಮಗಳಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಬರೆದು ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತೇನೆ. ನಿನ್ನ ಆಯಿಗೆ, ನನ್ನ ಅವ್ವನಿಗೆ, ಮಣ್ಣು ಕೊಟ್ಟಾದ ಮೇಲೆ ನೀನು ಬಂದೆ, ಅಂಗಳದಲ್ಲೇ ನಿಂತು "ನನ್ನ ಕೇಳದ ನೀನ ಹೆಂಗ ಠರಾಯಿಸಿದಿ?" ಅಂದೆ, ಮರುದಿನ ಹೋದೆ. ಆಸ್ಪತ್ರೆಯ ವಿಷಯ ನಿನ್ನ ತಾಯಿ ಹೇಳಿದ್ದಾಳೆ, ಮತ್ತೆ ಬರೆಯುವುದಿಲ್ಲ.

ಇವತ್ತು ಆಯಿಯ ಮರಣ ಪತ್ರಕ್ಕೆ ಅರ್ಜಿ ಕೊಟ್ಟು ಬಂದೆ. ಆಧಾರ್‌ನಲ್ಲಿ ಹುಟ್ಟಿದ ದಿನ 1-1-1941. ವಯಸ್ಸು 84 ಅಂತ ಬರೆದುಕೊಂಡರು. ಆಯಿ ಇದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಅವಳ ತವರು ಹೊಸರಿತ್ತಿ ಕಡೆ. 1943ರ ಏಪ್ರಿಲ್ 1ರಂದು ಅಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಮೈಲಾರ ಮಹದೇವಪ್ಪನವರು ಗುಂಡು ಬಿದ್ದು ತೀರಿಕೊಂಡರಲ್ಲ, ಅವತ್ತು ತಾನು ತಮ್ಮನನ್ನು ಟೊಂಕದ ಮೇಲೆ ಹೊತ್ತುಕೊಂಡು ಅಡ್ಡಾಡುತ್ತಿದ್ದೆ ಅನ್ನುತ್ತಿದ್ದಳು. ಎರಡು ವರ್ಷದ ಕೂಸು ಇನ್ನೊಂದು ಕೂಸನ್ನು ಹೊರುತ್ತಾ? ಎಂಟಾದರೂ ಆಗಿರಬೇಕು. ಅಂದರೆ 90. ಕೌಂಟರಿನಲ್ಲಿ ಇದನ್ನೆಲ್ಲ ಹೇಳಲು ಹೋದೆ. ಹಿಂದೆ ನಿಂತವರು ಗೊಣಗಿದರು. ಸಹಿ ಹಾಕಿ ಬಂದೆ. ಆರು ವರ್ಷ ಸುಮ್ನೆ ಹೋಯಿತು.

ಕುಣಿ ತೋಡಿದ್ದನ್ನು ನೋಡಿದಾಗಿನಿಂದ ನನ್ನ ತಲೆಯಲ್ಲಿ ಹಳೇ ಮನೆಯ ಹಗೇವೇ ಕೂತಿದೆ, ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕುಣಿ. ನೀನು ಹುಟ್ಟುವ ಮೊದಲೇ ಅದನ್ನು ಮುಚ್ಚಿಸಿದೆವು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲ. ತಳಕ್ಕೂ ಸುತ್ತಲೂ ಕಣಿಕೆ, ನಡುವೆ ಜೋಳ. ಬಾಯಿಗೆ ಕಲ್ಲು ಚಪ್ಪಡಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಆಡುವುದಿಲ್ಲ, ಅದಕ್ಕೇ ಜೋಳಕ್ಕೆ ಹುಳ ಹಿಡಿಯುತ್ತಿರಲಿಲ್ಲ. ಕಾಳು ಉಸಿರಾಡಿ ಉಸಿರಾಡಿ ಒಳಗಿನ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿರುತ್ತದೆ. ಹುಳ ಸಾಯುವ ಜಾಗದಲ್ಲಿ ಮನುಷ್ಯ ಬದುಕುತ್ತಾನಾ? ತೆರೆದ ಕೂಡಲೇ ಇಳಿದವರು ವಾಪಸ್ ಬಾರದ ಕಥೆ ಆಗ ಊರೂರಲ್ಲಿ ಇತ್ತು.

ನನಗೆ 9 ವರ್ಷ. ಅವತ್ತೇ ಬೆಳಿಗ್ಗೆ ಚಪ್ಪಡಿ ಸರಿಸಿದ್ದರು. ಚಿಣಿಫಣಿ ಆಡುತ್ತಿದ್ದೆವು, ನನ್ನ ಚಿಣಿ ಹಾರಿ ಅದರೊಳಗೆ ಬಿತ್ತು. ಒಂದು ಕಾಲು ಇಳಿಬಿಟ್ಟಿದ್ದೆ. ಬೆಚ್ಚನೆಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಆಯಿ ಎಲ್ಲಿಂದ ಬಂದಳೋ, ರಟ್ಟೆ ಹಿಡಿದು ಎಳೆದು ಕಪಾಳಕ್ಕೆ ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಿದ್ದಳು. ನನ್ನ ಕೆನ್ನೆಯ ಮೇಲೆ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದ್ದವು. ಆಮೇಲೆ ಕಂದೀಲು ಹಚ್ಚಿದಳು, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಎಳೆದು ಮತ್ತೆ ಹಚ್ಚಿದಳು, ಮತ್ತೆ ಇಳಿಸಿದಳು, ಮತ್ತೆ ಆರಿತು. ಮೂರು ಸಲ. "ನೋಡಿದೇನು?" ಅಂದಳು. ಅಷ್ಟೇ. ಹಗ್ಗ ಹಿಡಿದ ಕೈ ನಡುಗುತ್ತಿತ್ತು. ಅವಳು ನನ್ನನ್ನು ಹೊಡೆದಿದ್ದು ಅದೊಂದೇ ಸಲ.

ನೀನೂ ಅಷ್ಟೇ. ಹೊಸ ನೌಕರಿ, ಹೊಸ ರೂಮು ಅಂತ ಕಾಲಿಡುವ ಮೊದಲು ಕರಾರು ಪತ್ರ ಪೂರ್ತಿ ಓದು, ನಾಲ್ಕು ಜನರನ್ನು ಕೇಳು. ಸಂಬಳ ಬಂದ ದಿನವೇ ಒಂದಿಷ್ಟು ತೆಗೆದಿಡು. ರಾತ್ರಿ ಊಟ ಬಿಡಬೇಡ. ನೋಡು, ಆಯಿ ಬಗ್ಗೆ ಬರೆಯಲು ಕೂತು ಸಂಬಳಕ್ಕೆ ಬಂದೆ. ಪಕ್ಕದಲ್ಲಿ ನಿನ್ನ ತಾಯಿ ಓದಿ ನಗುತ್ತಿದ್ದಾಳೆ.

ಬುಧವಾರವೇ ಡಾಕ್ಟರು "ದೂರ ಇದ್ದವರನ್ನ ಕರೆಸ್ರಿ" ಅಂದಿದ್ದರು. ಶುಕ್ರವಾರ ನಿನ್ನ ಪರೀಕ್ಷೆ. ಎರಡು ವರ್ಷ ಓದಿದ್ದೀಯ. ನಮ್ಮ ಮನೆತನದಲ್ಲಿ ಅಲ್ಲಿವರೆಗೆ ಮುಟ್ಟಿದವಳು ನೀನೊಬ್ಬಳೇ. ಓಣಿ ತುಂಬ ಹೇಳಿಕೊಂಡು ತಿರುಗಿದವನು ನಾನು. ಫೋನಿನಲ್ಲಿ "ಆಯಿ ಆರಾಮ ಇದ್ದಾಳ" ಅಂದುಬಿಟ್ಟೆ. ಅವತ್ತು ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿದ್ದರೆ ಬೆಳಿಗ್ಗೆ ಇಲ್ಲಿರುತ್ತಿದ್ದೆ. ಪರೀಕ್ಷೆ ಇನ್ನೊಂದು ಸಲ ಬರುತ್ತೆ ಅಂತ ನನಗೂ ಗೊತ್ತಿತ್ತು. ತಪ್ಪಾಯಿತು.

ನಿನ್ನ ತಾಯಿ ಈಗ ಒಳಗೆ ಹೋದಳು. ಇದನ್ನು ಅವಳಿಗೂ ಹೇಳಿಲ್ಲ. ಗುರುವಾರ ನಸುಕಿನಲ್ಲಿ ಆಯಿ ಕಣ್ಣು ಬಿಟ್ಟು "ಬಂದಳೇನು?" ಅಂತ ಕೇಳಿದಳು. "ಹುಬ್ಬಳ್ಳಿ ದಾಟ್ಯಾಳ" ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. "ಅಣ್ಣಿಗೇರಿ" ಅಂದೆ. ಮೂರನೇ ಸಲ ಕೇಳಿದಾಗ "ಹುಲಕೋಟಿ" ಅಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೇಳಲಿಲ್ಲ.

ನಾಳೆ ರಾತ್ರಿ ಬಸ್ಸಿನಲ್ಲಿ ಶೇಂಗಾ ಹಿಂಡಿ ಇಟ್ಟು ಕಳಿಸುತ್ತೇನೆ. ಹೋದ ತಿಂಗಳು ಆಯಿ ಎದುರಿಗೆ ಕೂತು ನಿನ್ನ ತಾಯಿಯಿಂದ ಎರಡೆರಡು ಸಲ ಕುಟ್ಟಿಸಿದ್ದು. ಬಳ್ಳೊಳ್ಳಿ ಜಾಸ್ತಿಯಾಗಿದೆ. ಬಸ್ಸು 6 ಗಂಟೆಗೇ ಮುಟ್ಟುತ್ತೆ, ಡ್ರೈವರ್ ಕಾಯುವುದಿಲ್ಲ. ಎದ್ದು ಹೋಗಿ ಇಸಿದುಕೊ.

ನಿನ್ನ
ಅಪ್ಪ