ರಾತ್ರಿ 11ಕ್ಕೆ ‘ನೋಡಿದ್ರಾ?’

ಮಾನ್ಯ ಸಂಪಾದಕರೇ,

ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ನಮ್ಮ ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ರಾತ್ರಿ 11ಕ್ಕೂ ಮೆಸೇಜು ಬರುತ್ತದೆ. ತುರ್ತು ಏನೂ ಇರುವುದಿಲ್ಲ. ನಾಳೆಯ ಮೀಟಿಂಗಿಗೆ ಯಾವ ಫೈಲ್ ತರಬೇಕು ಅನ್ನೋದಷ್ಟೇ. ಆದರೆ ಒಬ್ಬರು ಹೆಬ್ಬೆರಳು ಎತ್ತಿದರೆ ಮುಗಿಯಿತು, ಉಳಿದವರೂ ಎತ್ತಲೇಬೇಕು. ಸುಮ್ಮನಿದ್ದವರಿಗೆ ಹತ್ತೇ ನಿಮಿಷದಲ್ಲಿ ‘ನೋಡಿದ್ರಾ?’ ಅಂತ ಇನ್ನೊಂದು.

ವಾಟ್ಸ್ಆ್ಯಪ್ 2014ರಲ್ಲಿ ನೀಲಿ ಟಿಕ್ ತಂದಿತು. ಬೇಡವಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಬಹುದು, ನಿಜ. ಗುಂಪುಗಳಲ್ಲಿ ಮಾತ್ರ ಅದು ನಡೆಯುವುದಿಲ್ಲ. ಯಾರು ಓದಿದರು, ಎಷ್ಟು ಗಂಟೆಗೆ ಓದಿದರು, ಎಲ್ಲವೂ ಕಳಿಸಿದವರಿಗೆ ಕಾಣುತ್ತದೆ. ಹಾಜರಿ ಪುಸ್ತಕ ಹಾಸಿಗೆ ಪಕ್ಕಕ್ಕೇ ಬಂದ ಹಾಗಾಯಿತು, ಅಲ್ವಾ?

‘ಫೋನ್ ಆಫ್ ಮಾಡಿ ಮಲಗಿ’ ಅಂತ ಬುದ್ಧಿ ಹೇಳುವವರು ಜಾಸ್ತಿ. ವಯಸ್ಸಾದ ಅಪ್ಪ ಅಮ್ಮ ಬೇರೆ ಮನೆಯಲ್ಲಿರುವವರಿಗೆ ಹಾಗೆ ಮಾಡಲು ಆಗುತ್ತದೆಯೇ?

ಕೆಲಸದ ಹೊತ್ತಿನಾಚೆ ಬರುವ ಇಂಥ ಮೆಸೇಜುಗಳ ಬಗ್ಗೆ ಫ್ರಾನ್ಸ್ 2017ರಲ್ಲೇ ಕಾನೂನು ಜಾರಿಗೆ ತಂದಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಇಂಥದ್ದೇ ಕಾನೂನು ಜಾರಿಗೆ ಬಂತು. ಅಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಕರೆ, ಮೆಸೇಜಿಗೆ ಉತ್ತರಿಸದೇ ಇರುವ ಹಕ್ಕು ನೌಕರರಿಗಿದೆ. ನಿಜಕ್ಕೂ ತುರ್ತಾಗಿದ್ದರೆ ಬೇರೆ ಮಾತು.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಇಂಥ ಮಾತನ್ನು ವಾಟ್ಸ್ಆ್ಯಪ್ ಬದಲು ಇಮೇಲ್‌ನಲ್ಲಿ ಹೇಳಬಹುದು; ಜಿಮೇಲ್‌ನಲ್ಲಿ ಸಮಯ ನಿಗದಿ ಮಾಡಿ ಕಳಿಸುವ ಸೌಲಭ್ಯ 2019ರಿಂದಲೇ ಇದೆ. ಮೇಲಧಿಕಾರಿಗಳೇ, ರಾತ್ರಿ ಹೊಳೆದದ್ದನ್ನು ರಾತ್ರಿಯೇ ಬರೆಯಿರಿ, ಬೇಡ ಅನ್ನುವುದಿಲ್ಲ. ನಮಗೆ ಬೆಳಿಗ್ಗೆ 9ಕ್ಕೆ ತಲುಪಿಸಿ.

ಇಂತಿ,
ಒಬ್ಬ ಓದುಗಿ