ಅಕ್ಕಿಯಲ್ಲಿ ಆರ್ಸೆನಿಕ್: ಫಾರ್ವರ್ಡ್ ಮಾಡುವ ಮುಂಚೆ ಓದಿ

ಹಾಸನದ ನಮ್ಮ ಗುಂಪಿನ ಎಲ್ಲರಿಗೂ, ಅಕ್ಕಿಯಲ್ಲಿ ಆರ್ಸೆನಿಕ್ ಎಂಬ ವಿಷಕಾರಿ ಧಾತು ಇದೆ, ಅನ್ನ ಬಿಡಿ ಅಂತ ಒಂದು ಬ್ರಾಂಡ್ ಪಟ್ಟಿಯ ಜೊತೆ ನಿನ್ನೆಯಿಂದ ಓಡಾಡುತ್ತಿರುವ "ಅಕ್ಕಿಯಲ್ಲಿ ವಿಷ" ಮೆಸೇಜ್ ಪೂರ್ತಿ ಸುಳ್ಳಲ್ಲ. ಆದರೆ ಅನ್ನವನ್ನೇ ಬಿಡಿ ಅನ್ನೋದು ಅತಿಯಾಯ್ತು, ಅಲ್ವಾ?

ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನ ಆರ್ಸೆನಿಕ್ ಕರಗಿ ಬೇರಿಗೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ಗೋಧಿಗಿಂತ ಅಕ್ಕಿಯಲ್ಲಿ ಅದು ಜಾಸ್ತಿ. ಗದ್ದೆ ಒಣಗಿಸಿದರೆ ಅಕ್ಕಿಯಲ್ಲಿ ಆರ್ಸೆನಿಕ್ ಇಳಿದು ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಕಾರಿ ಲೋಹ ಏರುತ್ತದೆ, ರೈತನಿಗೆ ಎರಡೂ ಕಡೆ ಕಾಟ. ವರ್ಷಗಟ್ಟಲೆ ಮೈಗೆ ಸೇರಿದರೆ ಎರಡೂ ಕ್ಯಾನ್ಸರ್ ತರಬಲ್ಲವು, ಕ್ಯಾಡ್ಮಿಯಂ ಕಿಡ್ನಿಯನ್ನೂ ಕೆಡಿಸುತ್ತದೆ. ಜಪಾನಿನ ಜಿಂಜೂ ನದಿ ಬಯಲಲ್ಲಿ ಗಣಿಯ ನೀರು ಹರಿದ ಗದ್ದೆಗಳ ಅಕ್ಕಿ ತಿಂದವರಿಗೆ ಮೂಳೆ ಮೆತ್ತಗಾಗಿ ಮುರಿಯುವ 'ಇತಾಯಿ ಇತಾಯಿ' ಕಾಯಿಲೆ ಬಂದಿತ್ತು.

ಆರ್ಸೆನಿಕ್ ತೌಡಿನಲ್ಲಿ ಹೆಚ್ಚು ಕೂರುತ್ತದೆ, ಹಾಗಾಗಿ ಪಾಲಿಶ್ ಮಾಡದ ಅಕ್ಕಿ ಎಲ್ಲದರಲ್ಲೂ ಮೇಲು ಅಂತೇನಿಲ್ಲ. ಕುಕ್ಕರ್ ಬದಲು ಪಾತ್ರೆಯಲ್ಲಿ ಆರು ಪಟ್ಟು ನೀರಿಟ್ಟು ಗಂಜಿ ಬಸಿದರೆ ಸುಮಾರು ಅರ್ಧದಷ್ಟು ಆರ್ಸೆನಿಕ್ ಹೋಗುತ್ತದೆ, ಸ್ವಲ್ಪ ಬಿ ವಿಟಮಿನ್ ಕೂಡ ಹೋಗುತ್ತದೆ ಅನ್ನಿ. ಮಕ್ಕಳಿಗೆ ದಿನಾ ಅಕ್ಕಿಯ ಸರಿಯನ್ನೇ (ಮಕ್ಕಳ ಹಿಟ್ಟಿನ ಗಂಜಿ) ಕೊಡೋದು ಬೇಡ, ಮಧ್ಯೆ ರಾಗಿ ಸರಿ ಕೊಡಿ. ದೊಡ್ಡವರಿಗೆ ಮುದ್ದೆ ಇದ್ದೇ ಇದೆ.

ಆ ಮೆಸೇಜಿನಲ್ಲಿರುವ ಬ್ರಾಂಡ್ ಪಟ್ಟಿಗೆ ಲ್ಯಾಬ್ ರಿಪೋರ್ಟ್ ಯಾರ ಹತ್ತಿರವಾದರೂ ಇದ್ದರೆ ಹಾಕಿ, ಇಲ್ಲದಿದ್ದರೆ ಸಂಜೆ ಡಿಲೀಟ್ ಮಾಡುತ್ತೇನೆ.