ತುಕ್ಕಿನ ಮೇಲೆ ಪುಟ್ಟಿ ಮೆತ್ತಬೇಡಿ

ಮಾನ್ಯರೇ,

ಮಳೆ ಬಿಟ್ಟು ಕಾಫಿ ಕುಯ್ಲು ಶುರುವಾಗುವ ಮೊದಲು ಚಿಕ್ಕಮಗಳೂರಿನ ಟಿಂಕರಿಂಗ್ ಶೆಡ್‌ಗಳಿಗೆ ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳು ಬರುತ್ತವೆ. ತುಕ್ಕನ್ನು ಮೇಲಷ್ಟೇ ಉಜ್ಜಿ, ತೂತಿಗೆ ಫೈಬರ್ ಅಂಟಿಸಿ, ಪುಟ್ಟಿ (ತಗ್ಗು ತುಂಬಿ ಮಟ್ಟ ಮಾಡುವ ಲೇಪ) ಮೆತ್ತಿ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಏಕೆಂದರೆ ಇಲ್ಲಿ ತಗಡು ತಿನ್ನಿಸಿಕೊಳ್ಳುವುದು ಒಳಮಗ್ಗುಲಿಂದ. ತೋಟದ ದಾರಿಯ ಕೆಸರು, ಸಿಲ್ವರ್ ಓಕ್ ಎಲೆಯ ಚೂರು ಸೇರಿ ಬಾಗಿಲ ತಳದ ನೀರಿನ ತೂತುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗೇ ನಿಲ್ಲುತ್ತದೆ, ಪುಟ್ಟಿಯೂ ತೇವ ಹೀರುತ್ತದೆ.

ಸ್ಕ್ರೂಡ್ರೈವರ್ ಮೊನೆಯಿಂದ ಒತ್ತುತ್ತಾ ಹೋಗಿ, ಗಟ್ಟಿ ತಗಡು ಸಿಕ್ಕ ಮೇಲೂ ಅರ್ಧ ಇಂಚು ಸೇರಿಸಿ ಕತ್ತರಿಸಬೇಕು. ಪ್ಯಾಚಿಗೆ 20 ಗೇಜಿನ (ಸುಮಾರು 0.9 ಮಿ.ಮೀ. ದಪ್ಪದ) ಸಿಆರ್ ಶೀಟ್, ಅಂದರೆ ಲೇಪವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ಸರಿ. ಸತು ಲೇಪಿಸಿದ ಜಿಐ ಶೀಟ್ ಬೇಡ. ಅದರ ಸತು ಉರಿದು ಏಳುವ ಬಿಳಿ ಹೊಗೆ ವೆಲ್ಡರ್‌ಗೆ ಜ್ವರ ತರಿಸುತ್ತದೆ, ಬೆಸುಗೆಯಲ್ಲೂ ಸಣ್ಣ ತೂತು ಬೀಳುತ್ತದೆ. ಇಷ್ಟು ತೆಳು ತಗಡಿಗೆ ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್ ಹಾಕಿದರೆ ಸುಟ್ಟು ತೂತಾಗುತ್ತದೆ. ಸಿಒ2 ವೆಲ್ಡಿಂಗ್‌ನಲ್ಲಿ (ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಾ ವೈರ್ ಕರಗಿಸಿ ಬೆಸೆಯುವುದು) 0.8 ಮಿ.ಮೀ. ವೈರ್ ಹಾಕಿ ಒಂದೊಂದೇ ಚುಕ್ಕೆ ಕೊಡಬೇಕು: ಈ ಕಡೆ ಒಂದು, ಎದುರು ಕಡೆ ಒಂದು, ಕೈ ಇಡುವಷ್ಟು ಆರಿದ ಮೇಲೆ ಮತ್ತೊಂದು. ಒಂದೇ ಎಳೆತಕ್ಕೆ ಬೆಸೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆ ಸೊಟ್ಟ ಮುಚ್ಚಲು ಮತ್ತೆ ದಪ್ಪ ಪುಟ್ಟಿ!

ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ಬೆಸೆದು ಬಿಗಿ ಮಾಡಲೇಬೇಕು, ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಮುಟ್ಟಬೇಕು. ಇಲ್ಲದಿದ್ದರೆ ಬಾಡಿ ಜಗ್ಗಿ ಬಾಗಿಲು ಕೂರುವುದಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿರಬೇಕು. ಹಿಂದಿನ ಡಿಕ್ಕಿಯ (ಸಾಮಾನು ಇಡುವ ಜಾಗದ) ಕೆಲಸವಾದರೆ ಪೆಟ್ರೋಲ್ ಟ್ಯಾಂಕ್ ಇಳಿಸಿರಬೇಕು.

ಬೆಸುಗೆ ಉಜ್ಜಿದ ದಿನವೇ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ನಮ್ಮ ಹವೆಯಲ್ಲಿ ಬರಿ ತಗಡು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಪುಟ್ಟಿ 2 ಮಿ.ಮೀ. ಮೀರಬಾರದು. ಪೇಂಟ್ ಆದ ಮೇಲೆ ಬಾಗಿಲು, ಸಿಲ್‌ಗಳ ಒಳಗೆ ವ್ಯಾಕ್ಸ್ ಸಿಂಪಡಿಸಿ, ನೀರಿನ ತೂತುಗಳನ್ನು ತಂತಿಯಿಂದ ಬಿಡಿಸಬೇಕು.

ಎರಡು ದಿನದಲ್ಲಿ ಕಾರು ಬೇಕೆಂದು ಅವಸರ ಮಾಡುವ ಮಾಲೀಕರದ್ದೂ ಇದರಲ್ಲಿ ತಪ್ಪಿದೆ. ದಯವಿಟ್ಟು ಪುಟ್ಟಿ ಹಾಕುವ ಮುನ್ನ ಶೆಡ್‌ಗೆ ಹೋಗಿ ಬರಿ ತಗಡು ನೋಡಿ. ಆಗಲೇ ಪೇಂಟ್ ಆಗಿದ್ದರೆ ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಇಟ್ಟು ನೋಡಿ. ಅದು ಹಿಡಿಯದ ಕಡೆ ಪುಟ್ಟಿ ದಪ್ಪಗಿದೆ, ಇಲ್ಲವೇ ತಗಡೇ ಇಲ್ಲ.

— ಹಳೇ ಕಾರುಗಳ ಟಿಂಕರಿಂಗ್ ಕೆಲಸಗಾರ, ಚಿಕ್ಕಮಗಳೂರು